ಉಂಬಳದ ಗುರುತಲ್ಲ

ಮೂಡಿಗೆರೆಯ ತೋಟದಲ್ಲಿ ಮಳೆಗಾಲ ಕಳೆದ ಯಾರ ಕಾಲಲ್ಲಿ ಕೆಂಪು ಚುಕ್ಕೆ ಇರುವುದಿಲ್ಲ? ಚಿಕ್ಕಪ್ಪನ ಕಣಕಾಲಿನದನ್ನೂ ಉಂಬಳದ, ಅಂದರೆ ಜಿಗಣೆಯ, ಲೆಕ್ಕಕ್ಕೆ ಬರೆದು ಸುಣ್ಣ ಹಚ್ಚಿದೆವು. ಚಿಕ್ಕಮಗಳೂರಿನ ವೈದ್ಯರು ಗಾಜಿನ ಪಟ್ಟಿಯೊಂದನ್ನು ಅದರ ಮೇಲೆ ಒತ್ತಿದರು. ಬಣ್ಣ ಮಾಸಲಿಲ್ಲ, ಅಂದರೆ ರಕ್ತ ನಾಳದಿಂದ ಚರ್ಮದೊಳಗೆ ಸೋರಿದೆ; ಸವರಿದರೆ ರಾಗಿಕಾಳಿನಂಥ ಉಬ್ಬು. ರಕ್ತನಾಳಗಳ ಉರಿಯೂತ, ವ್ಯಾಸ್ಕುಲೈಟಿಸ್. ಸಾಮಾನ್ಯವಾಗಿ ಸೋಂಕೋ ಔಷಧಿಯೋ ಕಾರಣ. ಅಪರೂಪಕ್ಕೊಮ್ಮೆ ರಕ್ತದ ಕ್ಯಾನ್ಸರ್ ಹೀಗೆ ಚರ್ಮದಲ್ಲೇ ಮೊದಲು ಮುಖ ತೋರಿಸುತ್ತದಂತೆ.

ಬಿಳಿ ರಕ್ತಕಣ ಇಳಿದಿತ್ತು. ಅಸ್ಥಿಮಜ್ಜೆಯ ಪರೀಕ್ಷೆಯಲ್ಲಿ ಹೇರಿ ಸೆಲ್ ಲ್ಯುಕೇಮಿಯಾ, ಅಂದರೆ ಕೂದಲಿನಂಥ ಅಂಚುಳ್ಳ ಕಣಗಳು. ಅದೂ ನಮ್ಮ ಬೊಕ್ಕತಲೆಯ ಚಿಕ್ಕಪ್ಪನಿಗೆ! ನಿಧಾನಗತಿಯದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಎಂದ ಮೇಲೆಯೇ ಚಿಕ್ಕಮ್ಮ ಕಾಫಿ ಕೇಳಿದ್ದು.

ಈಗ ಚಿಕ್ಕಪ್ಪ ದಿನವೂ ಬೆಳಿಗ್ಗೆ ಗಾಜಿನ ಲೋಟವನ್ನು ಕಾಲಿಗೆ ಒತ್ತಿ ನೋಡಿಕೊಳ್ಳುತ್ತಾರೆ. ಆ ಲೋಟದಲ್ಲಿ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ.