ಮೂರು ದಿನದ ಮೊಟ್ಟೆಯೊಳಗಿನ ಕೆಂಪು ಚುಕ್ಕೆ

ಪ್ರತಿ ವರ್ಷ ಲ್ಯಾಬಿಗೆ ನಾಟಿ ಕೋಳಿ ಮೊಟ್ಟೆ ಹುಡುಕುವುದೇ ನನಗೊಂದು ಕೆಲಸ. ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಹುಂಜವನ್ನೇ ಕಾಣದ ಕೋಳಿಯದು ಅದು. ಮೂರು ದಿನ ಕಾವು ಕೊಟ್ಟು ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದರೆ, ಹಳದಿಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಮಿಡಿಯುತ್ತಿರುತ್ತದೆ. ಅದೇ ಮರಿಯ ಹೃದಯ. ಗದ್ದಲದ ಹುಡುಗರೆಲ್ಲ ಗಪ್‌ಚುಪ್.

ಮೊನ್ನೆ ಒಬ್ಬಳು ಕೇಳಿದಳು, "ಮೇಡಂ, ನಮ್ದೂ ಹೀಗೇ ಶುರುವಾಗಿದ್ದಾ?"

ಹೆಚ್ಚೂಕಮ್ಮಿ ಹೀಗೇ. ಮನುಷ್ಯರಲ್ಲಿ ಮಿಡಿತ ಶುರುವಾಗುವುದು ಭ್ರೂಣಕ್ಕೆ ಸುಮಾರು 22 ದಿನವಾದಾಗ. ಕಾಂಡಕೋಶಗಳಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶಗಳಿಂದ, ಹುಟ್ಟಿದ ಪೂರ್ವಜ ಕೋಶಗಳ (ಮುಂದೆ ಹೃದಯವಾಗುವ ಕೋಶಗಳ) ಮೊದಲ ಗುಂಪು ಅರ್ಧಚಂದ್ರದಂತೆ ಸೇರಿ, ಮಡಚಿಕೊಂಡು ಕೊಳವೆಯಾಗುತ್ತದೆ. ಆ ಕೊಳವೆಯಲ್ಲೇ ಇಡೀ ಹೃದಯ ಇದೆ ಅಂತ ಬರೆದು ನಾನು ಮಾರ್ಕ್ಸ್ ತಗೊಂಡಿದ್ದೆ. ತಪ್ಪು! 2001ರಲ್ಲಿ ಮೂರು ತಂಡಗಳು ಕೋಳಿ ಮತ್ತು ಇಲಿ ಭ್ರೂಣಗಳಲ್ಲಿ ಎರಡನೇ ಗುಂಪನ್ನು ತೋರಿಸಿದವು. ಇವು ಹಿಂದೆ ಕಾದಿದ್ದು, ಆಗಲೇ ಮಿಡಿಯುತ್ತಿರುವ ಕೊಳವೆಯ ತುದಿಗಳಿಗೆ ಬಂದು ಸೇರಿಕೊಳ್ಳುತ್ತವೆ. ಹೃದಯದ ಕೆಳಗಿನ ಎಡ ಕೋಣೆ, ಅಂದರೆ ಎಡ ಕುಹರ, ಹೆಚ್ಚಾಗಿ ಮೊದಲಿನವರದ್ದು, ಬಲ ಕುಹರ ಆಮೇಲೆ ಬಂದವರದ್ದು. ಸಂಸಾರ ನಡೆಸುತ್ತಲೇ ಮನೆಗೆ ಕೋಣೆ ಕಟ್ಟಿಸಿಕೊಂಡ ಹಾಗೆ, ಅಲ್ವಾ?

ನನಗೆ ಜಾಸ್ತಿ ಇಷ್ಟ ನ್ಯೂರಲ್ ಕ್ರೆಸ್ಟ್ ಕೋಶಗಳು. ಬೆನ್ನ ಕಡೆ, ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗದ ಅಂಚಿನಿಂದ ಹೊರಟು ಅಷ್ಟು ದೂರ ಬಂದು, ಹೃದಯದಿಂದ ಹೊರಡುವ ಒಂದೇ ದೊಡ್ಡ ನಾಳದ ನಡುವೆ ಗೋಡೆ ಎಬ್ಬಿಸುತ್ತವೆ. ಒಂದು ಕಡೆ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ, ಇನ್ನೊಂದು ಕಡೆ ಶ್ವಾಸಕೋಶದ ನಾಳ. 1983ರಲ್ಲಿ ವಿಜ್ಞಾನಿ ಮಾರ್ಗರೆಟ್ ಕಿರ್ಬಿ ಮತ್ತು ಜೊತೆಗಾರರು ಕೋಳಿ ಭ್ರೂಣದಿಂದ ಆ ಕೋಶಗಳನ್ನು ತೆಗೆದು ನೋಡಿದರು. ಗೋಡೆ ಏಳಲೇ ಇಲ್ಲ. ಕೆಲವು ಮಕ್ಕಳು ಇಂಥದೇ ತೊಂದರೆಯೊಂದಿಗೆ ಹುಟ್ಟುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಬೆಲ್ ಆಯಿತು. ಅವಳು ಮಾತ್ರ ಮೊಟ್ಟೆ ಬಿಟ್ಟು ಕದಲಲಿಲ್ಲ.