ಸಮಾಧಾನ ಹೇಳುವವರಿಗೆ ಸುಮ್ಮನಿರಲು ಕಲಿಸುವುದು

ಮಾನಸಿಕ ಆಘಾತಕ್ಕೆ ಒಳಗಾದವರಿಗೆ ನೆರವಾಗಲು ಸಮುದಾಯದ ಮುಖಂಡರನ್ನು ಸಜ್ಜುಗೊಳಿಸುವ ತರಬೇತಿಗಳಲ್ಲಿ ಕೆಲವು ಕಾಲದಿಂದ ಪಾಲ್ಗೊಳ್ಳುತ್ತಿದ್ದೇನೆ. ಮೊದಲ ದಿನ ನಾವು ಮಾಡಿಸುವ ಅಭ್ಯಾಸ ಬಹಳ ಸರಳವಾದದ್ದು: ಇಬ್ಬರು ಎದುರುಬದುರು ಕುಳಿತು, ಒಬ್ಬರು ಮೂರು ನಿಮಿಷ ಮಾತನಾಡಬೇಕು, ಇನ್ನೊಬ್ಬರು ಕೇಳಬೇಕು, ಅಷ್ಟೆ. ಒಂದು ನಿಮಿಷ ಕಳೆಯುವುದರೊಳಗೆ ಕೇಳುವವರಲ್ಲಿ ಅರ್ಧದಷ್ಟು ಜನ ಬುದ್ಧಿಮಾತು ಆರಂಭಿಸಿರುತ್ತಾರೆ. ಇದು ಅವರ ತಪ್ಪಲ್ಲ; ಮಾತನಾಡಿ ದಾರಿ ತೋರಿಸಬಲ್ಲರೆಂದೇ ಜನ ಅವರನ್ನು ಮುಖಂಡರೆಂದು ಒಪ್ಪಿಕೊಂಡಿರುವುದು.

ಮುಖಂಡರೇನು ಮನೋವೈದ್ಯರೇ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ವಿಪತ್ತುಗಳಲ್ಲಿ ನೆರವಾಗುವ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಇತರ ಸಂಸ್ಥೆಗಳ ಜಂಟಿ ವೇದಿಕೆಯಾದ ಅಂತರ-ಸಂಸ್ಥಾ ಸ್ಥಾಯಿ ಸಮಿತಿಯು 2007ರಲ್ಲಿ ಹೊರತಂದ ಮಾರ್ಗಸೂಚಿಯು ನೊಂದವರಿಗೆ ನೀಡುವ ನೆರವನ್ನು ನಾಲ್ಕು ಸ್ತರಗಳ ಪಿರಮಿಡ್ಡಿನಂತೆ ವಿವರಿಸುತ್ತದೆ: ಬುಡದಲ್ಲಿ ಸುರಕ್ಷತೆ ಮತ್ತು ಮೂಲಭೂತ ಅಗತ್ಯಗಳು, ಅದರ ಮೇಲೆ ಕುಟುಂಬ ಹಾಗೂ ಸಮುದಾಯದ ಆಸರೆ, ಅನಂತರ ತಜ್ಞರಲ್ಲದಿದ್ದರೂ ತರಬೇತಿ ಪಡೆದವರ ನೆರವು, ತುದಿಯಲ್ಲಿ ತಜ್ಞರ ಚಿಕಿತ್ಸೆ. ತುದಿಯವರೆಗೆ ಹೋಗಬೇಕಾದವರು ಕಡಿಮೆ, ಆದರೆ ಅವರನ್ನು ಮೊದಲು ಕಾಣುವವರು ಕೆಳಗಿನ ಸ್ತರಗಳಲ್ಲಿರುವವರೇ. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳ ಜೊತೆಗೂಡಿ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಈ ಕೆಲಸವನ್ನು ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು ಎಂಬ ಮೂರು ಕ್ರಿಯೆಗಳಲ್ಲಿ ಹಿಡಿದಿಡುತ್ತದೆ. ನಡೆದದ್ದನ್ನೆಲ್ಲ ಹೇಳಿಬಿಡು, ಮನಸ್ಸು ಹಗುರಾಗುತ್ತದೆ ಎಂದು ಒತ್ತಾಯಿಸುವುದು ಇವುಗಳಲ್ಲಿ ಸೇರಿಲ್ಲ. ಘಟನೆಯಾದ ಕೂಡಲೇ ಒಂದೇ ಬಾರಿ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ಪರೀಕ್ಷಿಸಿದ ಸಂಶೋಧನೆಗಳಲ್ಲಿ ಅದರಿಂದ ಪ್ರಯೋಜನ ಕಂಡುಬಂದಿಲ್ಲ, ಕೆಲವರಿಗೆ ತೊಂದರೆಯೇ ಹೆಚ್ಚಿರುವುದೂ ಉಂಟು.

ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಪಾಠ ನೆನಪಿನ ಕುರಿತಾದದ್ದು. ಮುಖಂಡರು ಅನೇಕ ಕಡೆ ನ್ಯಾಯ ತೀರ್ಮಾನವನ್ನೂ ಮಾಡುವವರಾದ್ದರಿಂದ, ಒಬ್ಬ ಸಂತ್ರಸ್ತೆ ನಿನ್ನೆ ಹೇಳಿದ್ದಕ್ಕೂ ಇಂದು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಅವರ ಅನುಭವ ಅವರಿಗೆ ಪಿಸುಗುಟ್ಟುತ್ತದೆ. ಆದರೆ ತೀವ್ರ ಭಯದ ಗಳಿಗೆಯಲ್ಲಿ ಮಿದುಳು ನಡೆದದ್ದನ್ನು ಕ್ರಮವಾಗಿ ಜೋಡಿಸಿಡದೆ, ಒಂದು ವಾಸನೆ, ಒಂದು ಸದ್ದು, ಒಂದು ಮುಖ ಎಂಬಂತೆ ಚೂರುಚೂರಾಗಿ ಉಳಿಸಿಕೊಳ್ಳಬಹುದು, ಕಾಲಕ್ರಮ ಕಲಸಿಹೋಗಬಹುದು. ಅಳದೆ ನಿರ್ವಿಕಾರವಾಗಿ ಮಾತನಾಡುವವರಿಗೆ ನೋವೇ ಆಗಿಲ್ಲವೆಂದೂ ತಿಳಿಯುವಂತಿಲ್ಲ, ಮರಗಟ್ಟುವುದೂ ಆಘಾತಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ. ಇದನ್ನು ವಿವರಿಸಿದ ದಿನ ಕೊಠಡಿಯಲ್ಲಿ ದೀರ್ಘ ಮೌನ ಕವಿಯುವುದನ್ನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಹಿಂದೆ ತಾವು ಕೊಟ್ಟ ಯಾವುದೋ ತೀರ್ಪು ಅವರಿಗೆ ಆಗ ನೆನಪಾಗುತ್ತಿರಬೇಕೆಂಬುದು ನನ್ನ ಊಹೆ.

ಅಧಿಕಾರದ ಇನ್ನೊಂದು ತೊಡಕೂ ಇದೆ. ಮುಖಂಡರು ಕೇಳಿದರೆ ಇಲ್ಲವೆನ್ನಲು ಜನರಿಗೆ ಸಂಕೋಚವಾಗುವುದರಿಂದ, 'ಹೇಳದಿದ್ದರೂ ಪರವಾಗಿಲ್ಲ' ಎಂಬ ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳುವುದನ್ನು ರೂಢಿಸಬೇಕಾಗುತ್ತದೆ. ಗುಟ್ಟನ್ನು ಕಾಯುವ ವಿಷಯದಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಮನೆಯವರಿಗೂ ಹೇಳಬಾರದೆಂದಾಗ ಮಾತ್ರ ಚರ್ಚೆ ಬಿಸಿಯೇರುತ್ತದೆ. ಪ್ರಾಣಾಪಾಯದ ಸೂಚನೆಯಿದ್ದಾಗ ಗುಟ್ಟಿಗಿಂತ ಜೀವ ದೊಡ್ಡದೆಂಬುದನ್ನೂ ಅಲ್ಲಿಯೇ ಹೇಳಬೇಕು.

ಎರಡು ದಿನಗಳ ತರಬೇತಿ ನೀಡಿ ಪ್ರಮಾಣಪತ್ರ ಹಂಚಿ ಹೊರಟುಬಿಡುವ ಕ್ರಮದಲ್ಲಿ ನನಗೆ ನಂಬಿಕೆಯಿಲ್ಲ. ತಾವು ನೆರವಾಗುವ ಜನರಂತೆಯೇ, ಅದೇ ವಿಪತ್ತಿನಲ್ಲಿ ತಾವೂ ನೊಂದಿರುವ ಮುಖಂಡರು ಇತರರ ಕಥೆಗಳನ್ನು ಹೊತ್ತು ನಿದ್ದೆಗೆಡುತ್ತಾರೆ. ಅವರು ಅನುಭವಿಯೊಬ್ಬರೊಂದಿಗೆ ನಿಯಮಿತವಾಗಿ ಕುಳಿತು ಮಾತನಾಡುವ ವ್ಯವಸ್ಥೆಯಿಲ್ಲದಿದ್ದರೆ, ಕಲಿತದ್ದು ಕೆಲವೇ ತಿಂಗಳಲ್ಲಿ ಮತ್ತೆ ಹಳೆಯ ಬುದ್ಧಿಮಾತಿಗೆ ಮರಳುತ್ತದೆ.

ಆದ್ದರಿಂದ ಈಗ ನಾವು ಕೊನೆಯ ಗಂಟೆಯನ್ನು ಭಾಷಣಕ್ಕೆ ಕೊಡುವುದಿಲ್ಲ. ಹತ್ತಿರದ ಆಪ್ತಸಮಾಲೋಚಕರು, ವೈದ್ಯರು ಮತ್ತು ಸಹಾಯವಾಣಿಗಳ ಪಟ್ಟಿಯನ್ನು ಪ್ರತಿಯೊಬ್ಬರೂ ಸ್ವತಃ ಬರೆದುಕೊಂಡು, ಅಲ್ಲಿಯೇ ಕುಳಿತು ಒಂದೊಂದು ಸಂಖ್ಯೆಗೂ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದು ನೋಡುತ್ತಾರೆ. ಎತ್ತದ ಸಂಖ್ಯೆಗಳನ್ನು ಹೊಡೆದುಹಾಕುತ್ತೇವೆ.