ಆ ಊರು ನಿಜವಾಗಿ ಹಾಗೇ ಇತ್ತಾ?

ನಮ್ಮ ಮನೆ ಹಜಾರದ ಗೋಡೆಯ ಮೇಲೆ ಟೆನೋಚ್ಟಿಟ್ಲಾನ್ ನಗರದ ಹಳೇ ಚಿತ್ರದ ಪ್ರತಿಯೊಂದಿದೆ. ಈಗಿನ ಮೆಕ್ಸಿಕೊ ಸಿಟಿ ನಿಂತಿರುವುದು ಆ ಊರಿನ ಮೇಲೆಯೇ. ಮೂಲಚಿತ್ರ 1524ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮರದಚ್ಚಿನಿಂದ ಮುದ್ರಣವಾದದ್ದು. ಬಂದವರೆಲ್ಲ ಕೇಳುವುದು ಒಂದೇ: "ನಿಜವಾಗಿ ಹಾಗೇ ಇತ್ತಾ?"

ಇರಲಿಲ್ಲ. ಸರೋವರದ ನಡುವೆ ಊರು, ದಡಕ್ಕೆ ಏರಿಯ ದಾರಿಗಳು, ಅದೆಲ್ಲ ಸರಿ. ಮನೆಗಳು ಮಾತ್ರ ಯುರೋಪಿನವು. ಸಾಕಾ?

ದೀಪಾವಳಿಗೆ ಬಂದಿದ್ದ ಭಾವ, "ಹಂಗಾದ್ರೆ ಸುಳ್ಳು ಚಿತ್ರಾನ ಯಾಕೆ ತೂಗುಹಾಕಿದ್ದೀಯಾ?" ಅಂದರು. ಮೈಯೆಲ್ಲ ಉರಿಯಿತು. ಎಲೆ ಮುಂದೆ ಕೂತಿದ್ದೆವು, ಸುಮ್ಮನಾದೆ. ಇಲ್ಲಿ ಸುಮ್ಮನಿರಲ್ಲ.

ಆ ಊರನ್ನು ಗೆದ್ದ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ಟೆಸ್ ತನ್ನ ದೊರೆ ಐದನೇ ಚಾರ್ಲ್ಸ್‌ಗೆ ಬರೆದ ಕಾಗದದ ಲ್ಯಾಟಿನ್ ಅನುವಾದದ ಜೊತೆ ಅಚ್ಚಾದ ಚಿತ್ರ ಇದು. ಕ್ಯೂಬಾದ ಗವರ್ನರನ ಮಾತು ಮೀರಿ ದಂಡು ಕಟ್ಟಿಕೊಂಡು ಹೋದವನಿಗೆ ದೊರೆಯ ಕೃಪೆ ಬೇಕೇ ಬೇಕಿತ್ತು. 1520ರ ಅಕ್ಟೋಬರಿನಲ್ಲಿ ಆ ಕಾಗದ ಬರೆಯುವಾಗ ಊರು ಅವನ ಕೈಯಲ್ಲೇ ಇರಲಿಲ್ಲ. ಜೂನ್ 30ರ ರಾತ್ರಿ ಅಲ್ಲಿನ ಜನ ಅವನನ್ನು ಹೊಡೆದೋಡಿಸಿದ್ದರು. ಆದರೂ ಆ ಊರಿನ ಅರಸ ಮೊಕ್ಟೆಜುಮಾ ತಾನಾಗಿಯೇ ರಾಜ್ಯ ಒಪ್ಪಿಸಿದ ಅಂತ ಬರೆದ.

ಈಗ ಚಿತ್ರದ ಹತ್ತಿರ ಬನ್ನಿ. ದಿನಕ್ಕೆ 60,000 ಜನ ಸೇರುವ ಸಂತೆ ಅಂತ ಕಾಗದದಲ್ಲಿದೆ. ಚಿತ್ರದಲ್ಲಿ ಸಂತೆಗೆ ಸಿಕ್ಕಿದ್ದು ಪುಟ್ಟ ಚೌಕ, ಗುಡಿಯಂಗಳಕ್ಕೆ ಇಡೀ ನಡುಭಾಗ. ಅಲ್ಲಿ ಸಾಲಾಗಿ ಪೋಣಿಸಿದ ತಲೆಗಳು, ಬಲಿಯಾದವರವು ಎಂಬ ಲ್ಯಾಟಿನ್ ಬರಹ, ರುಂಡವಿಲ್ಲದ ಒಂದು ಕಲ್ಲಿನ ವಿಗ್ರಹ. ನರಬಲಿ ಇತ್ತು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಊರಿನಲ್ಲಿ ಇದ್ದದ್ದು ಅದೊಂದೇ ಅಲ್ಲ. ಆ ತಲೆಗಳನ್ನು ಕಂಡ ಕಣ್ಣು ಸರೋವರದ ದಂಡೆಗೆ ಸರಿದರೆ, ಅಲ್ಲೊಂದು ದೊಡ್ಡ ಬಾವುಟ: ಚಾರ್ಲ್ಸನ ಹ್ಯಾಬ್ಸ್‌ಬರ್ಗ್ ಮನೆತನದ್ದು. ಊರು ಹಿಡಿದದ್ದು ಪುಣ್ಯದ ಕೆಲಸ ಅಂತ ನಂಬಿಸಲು ಇನ್ನೇನು ಬೇಕು?

ಚಿತ್ರ ಅಚ್ಚಾಗುವ ಹೊತ್ತಿಗೆ ಊರೇ ಇರಲಿಲ್ಲ. 1521ರ ಆಗಸ್ಟ್ 13ಕ್ಕೆ ಕೊರ್ಟೆಸನ ದಂಡಿಗೆ ಸೋತು ಬಿದ್ದಿತ್ತು. 1572ರಲ್ಲಿ ಕಲೋನ್‌ನ ಬ್ರೌನ್ ಮತ್ತು ಹೋಗೆನ್‌ಬರ್ಗ್ ತಮ್ಮ ನಗರಗಳ ಅಟ್ಲಾಸಿಗೆ ಇದನ್ನೇ ನೋಡಿಕೊಂಡು ತಾಮ್ರದ ತಗಡಿನಲ್ಲಿ ಕೊರೆಸಿದರು. ಅಷ್ಟರಲ್ಲಿ ಗುಡಿಯ ಕಲ್ಲುಗಳು ಚರ್ಚಿನ ಗೋಡೆ ಸೇರಿದ್ದವು.

ಭಾವ, ಮುಂದಿನ ಸಲ ಬಂದಾಗ ಆ ಬಾವುಟದ ಮೇಲೆ ಬೆರಳಿಟ್ಟು "ಇದನ್ನ ಇಲ್ಲಿ ಯಾರು ನೆಟ್ಟರು?" ಅಂತ ಕೇಳಿ. ಊಟ ಆರಿದರೂ ಪರವಾಗಿಲ್ಲ, ಕೂತು ಹೇಳ್ತೀನಿ.